ಜ್ವಾಲಾಮುಖಿಗೆ ವಿಮೆ ಇದೆ, ಒರಲೆಗೆ ಇಲ್ಲ

ಮೂಡಲಗಿಯಲ್ಲಿ ನಿಮ್ಮದೊಂದು ಮನೆ ಇದೆ ಅಂದುಕೊಳ್ಳಿ. ಅದಕ್ಕೆ ವಿಮೆ ಮಾಡಿಸಿದ್ದೀರಿ. ಜ್ವಾಲಾಮುಖಿ ಸಿಡಿದು ಆ ಮನೆ ಹಾಳಾದರೆ ಕಂಪನಿ ದುಡ್ಡು ಕೊಡುತ್ತದೆ. ಸುನಾಮಿ ಬಂದು ಕೊಚ್ಚಿಕೊಂಡು ಹೋದರೂ ಕೊಡುತ್ತದೆ. ಸಮುದ್ರ ಅಲ್ಲಿಂದ ನೂರು ಕಿಲೋಮೀಟರಿಗೂ ಆಚೆ ಇದೆ ಎಂಬುದು ಬೇರೆ ಮಾತು. ಪರೀಕ್ಷೆಗೆಂದು ಹಾರಿಸಿದ ಕ್ಷಿಪಣಿ ದಾರಿ ತಪ್ಪಿ ಮಾಳಿಗೆಯ ಮೇಲೆ ಬಿದ್ದರೆ ಅದಕ್ಕೂ ಪರಿಹಾರವಿದೆ. ಇದು ಕುಚೋದ್ಯವಲ್ಲ. 2021ರ ಏಪ್ರಿಲ್ 1ರಿಂದ ದೇಶದಲ್ಲಿ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಎಂಬ ಪ್ರಮಾಣಿತ ಪಾಲಿಸಿಯನ್ನು ತೆಗೆದು ನೋಡಿ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಕಾಳ್ಗಿಚ್ಚು, ದೊಂಬಿ, ಭಯೋತ್ಪಾದನೆ, ನೀರಿನ ಟ್ಯಾಂಕು ಒಡೆಯುವುದು ಎಂದು ಸಾಗುವ ಪಟ್ಟಿಯಲ್ಲಿ ಜ್ವಾಲಾಮುಖಿಯೂ ಇದೆ, ಸುನಾಮಿಯೂ ಇದೆ, ಕ್ಷಿಪಣಿಯೂ ಇದೆ. ಪಟ್ಟಿಯಲ್ಲಿರುವ ಕಾರಣಕ್ಕೆ ಮಾತ್ರ ದುಡ್ಡು. ಅದರಲ್ಲಿ ಒರಲೆ ಇಲ್ಲ. ಮರ ಕೊರೆಯುವ ಹುಳವೂ ಇಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳನ್ನು ಸುತ್ತಿದರೂ ಜ್ವಾಲಾಮುಖಿಗೆ ಮನೆ ಕಳೆದುಕೊಂಡವರು ಒಬ್ಬರೂ ಸಿಗಲಾರರು. ಒರಲೆಗೆ ಚೌಕಟ್ಟನ್ನೋ ಕಂಬವನ್ನೋ ತೊಲೆಯನ್ನೋ ಒಪ್ಪಿಸದ ಓಣಿ ಮಾತ್ರ ಸಿಗುವುದು ಕಷ್ಟ. ಬಾರದ ಅಪಾಯಕ್ಕೆ ವಿಮೆ ಕೊಟ್ಟು, ದಿನವೂ ಮನೆಯೊಳಗೇ ಇರುವ ಅಪಾಯವನ್ನು ಪಟ್ಟಿಯಿಂದ ಹೊರಗಿಡುವ ವ್ಯವಹಾರಕ್ಕೆ ‘ಗೃಹ ರಕ್ಷೆ’ ಎಂಬ ಹೆಸರು ಹೇಗೆ ಒಪ್ಪುತ್ತದೆ ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದು ಇನ್ನೂ ಮುಖ್ಯವಾದದ್ದು: ಹೊರಗಿಡಲು ಅವರು ಕೊಡುವ ಕಾರಣ ನಿಜವಾದ ಕಾರಣವೇ?

ಮೊದಲು ಮನೆಯನ್ನು ನೋಡೋಣ. ಈ ಸೀಮೆಯ ಹಳೆಯ ಮನೆಗಳ ಗೋಡೆ ಮಣ್ಣಿನದೋ ಕಲ್ಲುಮಣ್ಣಿನದೋ ಆಗಿರುತ್ತದೆ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯನ್ನೋ ಕಟ್ಟಿಗೆಯನ್ನೋ ಹಾಸಿ, ಅದರ ಮೇಲೆ ಮಣ್ಣಿನ ಮೇಲುಮುದ್ದೆ. ಮಳೆಗಾಲಕ್ಕೆ ಮೊದಲು ಸವಳು ಮಣ್ಣು ಹಾಕಿ ಬಿಗಿ ಮಾಡುತ್ತಾರೆ. ಇಂಥ ಮಾಳಿಗೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ಅಷ್ಟೂ ಮಣ್ಣಿನ ಭಾರವನ್ನು ಹೊತ್ತು ನಿಂತಿರುವುದು ಮರ. ಮಳೆ ಹಿಡಿದರೆ ಮಣ್ಣು ನೀರು ಕುಡಿದು ಇನ್ನಷ್ಟು ಭಾರವಾಗುತ್ತದೆ. ಆ ಹೊತ್ತಿನಲ್ಲಿ ತೊಲೆಯ ಹೊಟ್ಟೆ ಟೊಳ್ಳಾಗಿದ್ದರೆ ಕೆಳಗೆ ಮಲಗಿದವರ ಗತಿ ಏನು ಎಂದು ವಿವರಿಸಬೇಕಾಗಿಲ್ಲ. ಪ್ರತಿ ಮಳೆಗಾಲದಲ್ಲೂ ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲಿನ ಸುದ್ದಿ ಬರುತ್ತದೆ: ಮಳೆಗೆ ಮನೆ ಕುಸಿತ. ಮಳೆ ಬರೀ ಕೊನೆಯ ತಳ್ಳು ಕೊಟ್ಟಿತ್ತು, ಅದಕ್ಕೆ ಮೊದಲು ಹತ್ತು ವರ್ಷ ಬೇರೆ ಯಾರೋ ಕೆಲಸ ಮಾಡಿದ್ದರು ಎಂಬುದು ಆ ಎರಡು ಸಾಲಿನಲ್ಲಿ ಹಿಡಿಸುವುದಿಲ್ಲ.

ಆ ಕೆಲಸ ಮಾಡುವವರು ಎರಡು ಬಗೆ. ಒರಲೆ ನೆಲದಿಂದ ಬರುತ್ತದೆ. ಅದಕ್ಕೆ ತೇವ ಬೇಕು, ಕತ್ತಲೆ ಬೇಕು. ಹಾಗಾಗಿ ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡಿ ಮರ ಸೇರುತ್ತದೆ. ಮೇಲ್ಮೈಯನ್ನು ಕಾಗದದಷ್ಟು ತೆಳ್ಳಗೆ ಉಳಿಸಿ ಒಳಗೆಲ್ಲ ತಿನ್ನುತ್ತದೆ. ಎರಡನೆಯದು ಮರ ಕೊರೆಯುವ ದುಂಬಿಗಳ ಮರಿಹುಳ. ಅದಕ್ಕೆ ನೆಲದ ಹಂಗಿಲ್ಲ. ಮರದೊಳಗೇ ಬೆಳೆದು, ಗುಂಡುಸೂಜಿಯ ತಲೆಯಷ್ಟು ತೂತು ಮಾಡಿ ಹೊರಗೆ ಹಾರುತ್ತದೆ. ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿರುತ್ತದೆ. ಸಾಗವಾನಿಗೆ ಹುಳ ಹತ್ತುವುದಿಲ್ಲ ಎಂಬ ನಂಬಿಕೆ ಅರ್ಧ ನಿಜ. ಅದರ ಕೆಚ್ಚು ತಡೆಯುತ್ತದೆ, ಕೆಚ್ಚಿನ ಹೊರಗಿನ ಬಿಳಿ ಭಾಗ ತಡೆಯುವುದಿಲ್ಲ. ಇವೆರಡರಲ್ಲಿ ಯಾವುದೂ ಒಂದೇ ರಾತ್ರಿಯಲ್ಲಿ ಆಗುವುದಲ್ಲ ಎಂಬುದನ್ನು ನೆನಪಿಡಿ. ಕಣ್ಣಿಟ್ಟು ನೋಡುವವನಿಗೆ ಎರಡೂ ಗುರುತು ಬಿಟ್ಟೇ ಹೋಗುತ್ತವೆ. ನನ್ನ ವಾದವೆಲ್ಲ ನಿಂತಿರುವುದು ಈ ಗುರುತಿನ ಮೇಲೆ.

ಈಗ ಕಂಪನಿಗಳ ವಾದ. ವಿಮೆ ಇರುವುದು ಆಕಸ್ಮಿಕಕ್ಕೆ, ಹಠಾತ್ತಾಗಿ ಬರುವ ಹಾನಿಗೆ; ಮೆಲ್ಲಗೆ ಸವೆಯುವುದಕ್ಕಲ್ಲ. ಈ ವಾದಕ್ಕೆ ಹಳೆಯ ವಂಶಾವಳಿಯಿದೆ, ಅದು ಶುರುವಾಗುವುದು ಹಡಗಿನಲ್ಲಿ. 1796ರಲ್ಲಿ ರೋಲ್ ಮತ್ತು ಪಾರ್ ಎಂಬ ಇಂಗ್ಲಿಷ್ ಮೊಕದ್ದಮೆಯಲ್ಲಿ ಹಡಗಿನ ತಳವನ್ನು ಹುಳ ತಿಂದು ಹಾಳುಮಾಡಿದ ಪ್ರಶ್ನೆ ಬಂತು. ಅದು ‘ಸಮುದ್ರದ ಅಪಾಯ’ ಅಲ್ಲವೆಂದು ತೀರ್ಮಾನವಾಯಿತು. 1906ರ ಬ್ರಿಟಿಷ್ ಕಾಯ್ದೆಗೆ ಆ ಮಾತಿನ ಸಾರ ಹೊಕ್ಕಿತು. ಅಲ್ಲಿಂದ ನಮ್ಮ 1963ರ ಸಾಗರ ವಿಮಾ ಕಾಯ್ದೆಯ 55ನೇ ಕಲಮಿಗೆ ಬಂತು: ಸಹಜ ಸವೆತಕ್ಕೆ, ವಸ್ತುವಿನ ಒಳದೋಷಕ್ಕೆ, ಇಲಿ ಮತ್ತು ಕ್ರಿಮಿಕೀಟಗಳಿಂದಾದ ನಷ್ಟಕ್ಕೆ ವಿಮಾದಾರ ಹೊಣೆಯಲ್ಲ. ಮನೆ ವಿಮೆಗೆ ಈ ಕಲಮು ಅನ್ವಯಿಸುವುದಿಲ್ಲ, ಆದರೆ ಇದರ ಹಿಂದಿನ ಬುದ್ಧಿ ಅದೇ. ತಮಾಷೆಯೆಂದರೆ ಆ ಕಲಮಿನಲ್ಲೇ ಒಂದು ಕಿಟಕಿ ತೆರೆದಿದೆ: ಪಾಲಿಸಿಯಲ್ಲಿ ಬೇರೆ ರೀತಿ ಹೇಳಿದ್ದ ಹೊರತು ಹೊಣೆಯಲ್ಲ ಎನ್ನುತ್ತದೆ ಅದು. ಅಂದರೆ ಹುಳಕ್ಕೆ ವಿಮೆ ಕೊಡಕೂಡದು ಎಂದು ಹಡಗಿನ ಕಾಯ್ದೆಯೂ ಹೇಳಿಲ್ಲ. ಕೊಡಬೇಕೆಂದು ಬರೆದರೆ ಕೊಡಬಹುದು. ಬರೆಯುವವರಿಗೆ ಮನಸ್ಸಿಲ್ಲ, ಅಷ್ಟೇ.

ಮೆಲ್ಲಗೆ ಬರುವುದಕ್ಕೆ ವಿಮೆ ಇಲ್ಲ ಎನ್ನುವವರು ತಮ್ಮದೇ ಅಂಗಡಿಯ ಪಕ್ಕದ ಕಪಾಟನ್ನು ನೋಡಲಿ. ಸಕ್ಕರೆ ಕಾಯಿಲೆಗಿಂತ ಮೆಲ್ಲಗೆ ಮನುಷ್ಯನನ್ನು ತಿನ್ನುವುದು ಯಾವುದಿದೆ? ಅದಕ್ಕೆ ಆರೋಗ್ಯ ವಿಮೆ ಇದೆ. ಪಾಲಿಸಿ ಮಾಡಿಸುವಾಗಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು ಎಂದು 2024ರಲ್ಲಿ ನಿಯಂತ್ರಣ ಪ್ರಾಧಿಕಾರವೇ ಇಳಿಸಿತು. ಅಂದರೆ ಮೊದಲೇ ಹತ್ತಿದ ರೋಗವನ್ನೂ, ಒಳಗೊಳಗೇ ಬೆಳೆಯುವ ರೋಗವನ್ನೂ ಲೆಕ್ಕಕ್ಕೆ ತಂದುಕೊಳ್ಳುವ ವಿದ್ಯೆ ವಿಮಾ ಲೋಕಕ್ಕೆ ಚೆನ್ನಾಗಿ ಗೊತ್ತು: ತಪಾಸಣೆ ಮಾಡು, ಪ್ರೀಮಿಯಂ ಏರಿಸು, ಕಾಯಿಸು, ಆಮೇಲೆ ಕೊಡು. ಇನ್ನು ‘ಬಂದೇ ಬರುವುದಕ್ಕೆ ವಿಮೆ ಹೇಗೆ’ ಎಂಬ ಮಾತು. ಸಾವು ಬಂದೇ ಬರುತ್ತದೆ. ಜೀವ ವಿಮಾ ನಿಗಮ 1956ರಿಂದ ಅದೇ ವ್ಯಾಪಾರದಲ್ಲಿದೆ. ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದಿದ್ದರೆ ವಿಮೆಗೆ ಅಷ್ಟು ಸಾಕು. ಯಾವ ತೊಲೆ ಯಾವ ಮಳೆಗೆ ಮುರಿಯುತ್ತದೆ ಎಂದು ಬಲ್ಲವರು ಯಾರಿದ್ದಾರೆ?

ಇನ್ನೂ ಹತ್ತಿರದ ಉದಾಹರಣೆ ಹೊಲದಲ್ಲೇ ಇದೆ. 2018ರಲ್ಲಿ ಶಿವಮೊಗ್ಗದ ಗೋವಿನಜೋಳದ ಹೊಲಗಳಲ್ಲಿ ದೇಶದಲ್ಲೇ ಮೊದಲ ಸಲ ಕಾಣಿಸಿಕೊಂಡ ಸೈನಿಕ ಹುಳು ಇಡೀ ರಾಜ್ಯಕ್ಕೆ ಹಬ್ಬಿತು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಿಂದ ಇದೆ. ಮುಂಗಾರು ಬೆಳೆಗೆ ರೈತ ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ ರೂಪಾಯಿ ಕಟ್ಟುತ್ತಾನೆ. ಉಳಿದದ್ದನ್ನು ಸರಕಾರಗಳು ಕಟ್ಟುತ್ತವೆ. ಬರ, ನೆರೆಗಳ ಜೊತೆಗೆ ಕೀಟ ಮತ್ತು ರೋಗವೂ ಆ ವಿಮೆಯಲ್ಲಿ ಸೇರಿವೆ. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲೂ ಭೂಕಂಪ, ಚಂಡಮಾರುತಗಳ ಸಾಲಿನಲ್ಲಿ ‘ಕೀಟದ ದಾಳಿ’ ಇದೆ. ಹಾಗಾದರೆ ಹುಕ್ಕೇರಿಯ ಒಬ್ಬ ರೈತನ ಗೋವಿನಜೋಳದ ದಂಟು ಕೊರೆದ ಹುಳ ರಾಷ್ಟ್ರದ ಲೆಕ್ಕಕ್ಕೆ ಬರುತ್ತದೆ. ಅದೇ ರೈತ ರಾಶಿ ಮುಗಿಸಿ ಮನೆಗೆ ಬಂದಾಗ ಅವನ ತಲೆಯ ಮೇಲಿನ ಜಂತಿ ಕೊರೆಯುತ್ತಿರುವ ಹುಳ ಅವನ ಖಾಸಗಿ ಕರ್ಮ. ಬೆಳೆ ಹೋದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ಮನೆಯನ್ನು ವರ್ಷಕ್ಕೊಮ್ಮೆ ಬಿತ್ತಲಾಗುವುದಿಲ್ಲ.

2019ರ ಆಗಸ್ಟಿಗೆ ಬರೋಣ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ತುಂಬಿ ಘಟಪ್ರಭಾ ಉಕ್ಕಿದಾಗ ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು, ಲೋಳಸೂರ ಸೇತುವೆ ನೀರಿನಡಿ ಹೋಯಿತು, ಹೊಳೆದಂಡೆಯ ಊರುಗಳ ಜನ ಕಾಳಜಿ ಕೇಂದ್ರ ಸೇರಿದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ರಾಜ್ಯ ಸರಕಾರ ಘೋಷಿಸಿತು. ಹಾನಿ ಎಷ್ಟು ಎಂದು ಅಳೆದು ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಆ ವಿಂಗಡಣೆಯ ಜಗಳ ಇವತ್ತಿಗೂ ಊರ ಕಟ್ಟೆಗಳಲ್ಲಿ ಮುಗಿದಿಲ್ಲ. ಒಂದೇ ಸಾಲಿನ ಎರಡು ಮನೆಗಳಿಗೆ ಒಂದೇ ಎತ್ತರಕ್ಕೆ ನೀರು ಬಂದು, ಒಂದು ಬಿದ್ದು ಇನ್ನೊಂದು ನಿಂತಿದ್ದರೆ ವ್ಯತ್ಯಾಸ ಎಲ್ಲಿತ್ತು? ಬಹಳ ಸಲ ಗೋಡೆಯ ಬುಡದಲ್ಲಿ, ತೊಲೆಯ ಹೊಟ್ಟೆಯಲ್ಲಿ. ಇದನ್ನು ಕೇಳಿದರೆ ‘ಮನೆ ಮೊದಲೇ ಶಿಥಿಲವಾಗಿತ್ತು’ ಎಂದು ಬರೆದು ಪರಿಹಾರ ಕತ್ತರಿಸಲು ನೆವ ಸಿಕ್ಕಂತಾಗುತ್ತದೆ. ಕೇಳದಿದ್ದರೆ ಮುಂದಿನ ನೆರೆಗೆ ಬೀಳಲಿರುವ ಮನೆ ಯಾವುದು ಎಂಬ ತಿಳಿವಳಿಕೆಯೇ ಹುಟ್ಟುವುದಿಲ್ಲ. ನೆರೆ ಇಳಿದ ಮೇಲೆ ಗೋಡೆಗಳು ತಿಂಗಳುಗಟ್ಟಲೆ ತೇವ ಹಿಡಿದು ನಿಲ್ಲುತ್ತವೆ. ಒರಲೆಗೆ ಬೇಕಾದದ್ದೂ ಅದೇ ತೇವ. ನಿಂತು ಉಳಿದ ಮನೆಯನ್ನು ಕಂಡು ‘ನಿಮ್ಮದು ಪುಣ್ಯ’ ಎಂದವರು ಎರಡು ವರ್ಷ ಬಿಟ್ಟು ಆ ಮನೆಯ ತೊಲೆ ಬಡಿದು ನೋಡಲಿಲ್ಲ.

ಇಲ್ಲಿ ನಿಜವಾದ ಕಾರಣಕ್ಕೆ ಬಂದೆವು. ಒರಲೆಗೆ ವಿಮೆ ಕೊಡದಿರುವುದು ಅದು ಮೆಲ್ಲಗಿನದು ಎಂಬುದಕ್ಕಲ್ಲ. ಅದಕ್ಕೆ ವಿಮೆ ಕೊಡಬೇಕೆಂದರೆ ಯಾರಾದರೂ ಮನೆಯೊಳಗೆ ಬಂದು ನೋಡಬೇಕು ಎಂಬುದಕ್ಕೆ. ಜ್ವಾಲಾಮುಖಿಗೆ ವಿಮೆ ಕೊಡಲು ಯಾರೂ ಯಾರ ಮನೆಗೂ ಬರಬೇಕಾಗಿಲ್ಲ. ಇವತ್ತು ಮನೆ ವಿಮೆ ಬಹುಮಟ್ಟಿಗೆ ಮಾರಾಟವಾಗುವುದು ಗೃಹಸಾಲದ ಬಾಲವಾಗಿ. ಸಾಲದ ಕಾಗದಗಳ ಕಟ್ಟಿನ ನಡುವೆ ಇಂಗ್ಲಿಷಿನ ಒಂದು ಪಾಲಿಸಿ ಸಹಿಗೆ ಬರುತ್ತದೆ, ಸಹಿಯಾಗಿ ಹೋಗುತ್ತದೆ. ಅದು ಕಾಯುವುದು ಬ್ಯಾಂಕಿನ ಅಸಲನ್ನು. ಸಾಲವಿಲ್ಲದ, ಅಪ್ಪನ ಕಾಲದ ಮಾಳಿಗೆ ಮನೆಗೆ ವಿಮೆ ಮಾರಲು ಏಜೆಂಟ್ ಬರುವುದು ಅಪರೂಪ. ಮರದ ಮನೆಗೆ ವಿಮೆ ಕೊಡುವವನು ಮರವನ್ನು ತಟ್ಟಿ ಸದ್ದು ಕೇಳಬೇಕು, ಏಣಿ ಹತ್ತಬೇಕು, ಬಚ್ಚಲ ಗೋಡೆಯ ಹಿಂದೆ ಬಗ್ಗಬೇಕು. ಅದಕ್ಕೆ ಕಂಪ್ಯೂಟರಿನ ಮುಂದೆ ಕೂತವನಿಗಿಂತ ಊರ ಬಡಿಗೇರನ ಕೈ ಹೆಚ್ಚು ಬೇಕು. ಈ ಖರ್ಚು ಬೇಡವೆಂದು ಹೇಳುವ ಬದಲು ‘ಇದು ವಿಮೆಯ ತತ್ತ್ವಕ್ಕೆ ವಿರುದ್ಧ’ ಎಂದು ಹೇಳುತ್ತಾರೆ.

ಕೀಟನಾಶಕ ಹೊಡೆಯುವ ಕಂಪನಿಗಳ ‘ಗ್ಯಾರಂಟಿ’ ಇದೆಯಲ್ಲ ಎನ್ನಬಹುದು. ಅದರ ಸಣ್ಣ ಅಕ್ಷರ ಓದಿ. ಒರಲೆ ಮತ್ತೆ ಬಂದರೆ ಮತ್ತೆ ಔಷಧ ಹೊಡೆಯುತ್ತೇವೆ ಎಂಬುದು ಸಾಮಾನ್ಯವಾಗಿ ಅದರ ಭರವಸೆ. ತಿಂದ ಚೌಕಟ್ಟನ್ನು ಹಾಕಿಕೊಡುತ್ತೇವೆ ಎಂದಲ್ಲ. ಅದೂ ಪೇಟೆಯ ಕಾಂಕ್ರೀಟ್ ಮನೆಗಳಿಗೆ. ಕಟ್ಟಡಗಳನ್ನು ಒರಲೆಯಿಂದ ಕಾಯುವ ಭಾರತೀಯ ಮಾನಕ 6313 ಮೂರು ಭಾಗಗಳಲ್ಲಿದೆ. ಮೂರನೆಯದು ಈಗಾಗಲೇ ಕಟ್ಟಿದ ಮನೆಗಳಿಗೆಂದೇ ಬರೆದದ್ದು. ಜ್ಞಾನಕ್ಕೆ ಬರವಿಲ್ಲ. ಅದು ಹಳ್ಳಿಯ ಪಡಸಾಲೆಗೆ ನಡೆದು ಬರುವ ದಾರಿ ಇಲ್ಲ.

ಇದು ಆಗದ ಮಾತು ಎನ್ನುವವರು ಉತ್ತರ ಯೂರೋಪಿನ ಕಡೆ ನೋಡಬಹುದು. ಅಲ್ಲಿ ಮರದ ಮನೆಗಳು ಬಹಳ, ಮರ ತಿನ್ನುವ ದುಂಬಿಯೂ ಇದೆ. ಡೆನ್ಮಾರ್ಕಿನಲ್ಲಿ ಮನೆ ವಿಮೆಯ ಜೊತೆ ಶಿಲೀಂಧ್ರ ಮತ್ತು ಕೀಟಗಳ ಹಾನಿಗೂ ರಕ್ಷಣೆ ಸೇರಿಸಿಕೊಳ್ಳಬಹುದು. ನಾರ್ವೆ, ಸ್ವೀಡನ್ನುಗಳಲ್ಲೂ ಇಂಥ ವಿಮೆ ಇದೆ. ಅಮೆರಿಕದ ತೆಂಕಣ ರಾಜ್ಯಗಳಲ್ಲಿ ಒರಲೆಗೆ ವಾರ್ಷಿಕ ಕರಾರು ಮಾಡಿಕೊಳ್ಳುವ ರೂಢಿಯಿದೆ. ಕೆಲವು ಕರಾರುಗಳಲ್ಲಿ ತಪಾಸಣೆಯ ಜೊತೆ ರಿಪೇರಿಯ ಹೊಣೆಯೂ ಸೇರಿರುತ್ತದೆ. ಅವರ ಹುಳ ನಮ್ಮ ಹುಳಕ್ಕಿಂತ ಸಭ್ಯವೇನಲ್ಲ. ಅಲ್ಲಿ ಮರದ ಮನೆಯಲ್ಲಿ ವಾಸಿಸುವವರ ಕೈಯಲ್ಲಿ ದುಡ್ಡಿದೆ, ಹಾಗಾಗಿ ಅವರ ಹುಳಕ್ಕೆ ಲೆಕ್ಕ ಹಾಕುವವರು ಸಿಕ್ಕಿದ್ದಾರೆ.

ಎದುರು ವಾದಗಳಲ್ಲಿ ಒಂದಕ್ಕೆ ತೂಕವಿದೆ, ಅದನ್ನು ಹಾರಿ ಹೋಗುವುದು ಸರಿಯಲ್ಲ. ಒರಲೆ ಹತ್ತಿದ ಮನೆಯವರೇ ವಿಮೆ ಕೊಳ್ಳಲು ಬರುತ್ತಾರೆ, ಉಳಿದವರು ಬರುವುದಿಲ್ಲ. ಆಗ ಪ್ರೀಮಿಯಂ ಏರಿ ಏರಿ ವಿಮೆಯೇ ಮುಳುಗುತ್ತದೆ. ಜೊತೆಗೆ, ಹೇಗೂ ದುಡ್ಡು ಬರುತ್ತದೆಂದು ಮನೆಯವನು ಕಣ್ಣುಮುಚ್ಚಿ ಕೂರಬಹುದು. ಎರಡೂ ನಿಜ. ಎರಡಕ್ಕೂ ಮದ್ದು ಒಂದೇ: ಮೊದಲು ತಪಾಸಣೆ, ಹುಳವಿದ್ದರೆ ಚಿಕಿತ್ಸೆ, ಆಮೇಲೆ ಪಾಲಿಸಿ; ನಂತರ ವರ್ಷಕ್ಕೊಂದು ತಪಾಸಣೆ, ಅದಕ್ಕೆ ಬಾಗಿಲು ತೆರೆಯದವನಿಗೆ ಪರಿಹಾರವಿಲ್ಲ. ಒಬ್ಬೊಬ್ಬರಿಗೆ ಮಾರುವ ಬದಲು ಇಡೀ ಊರನ್ನು ಒಂದು ಗುಂಪಾಗಿ ಸೇರಿಸಬೇಕು. ಬೆಳೆ ವಿಮೆ ಗ್ರಾಮ ಪಂಚಾಯ್ತಿಯನ್ನು ಘಟಕವಾಗಿ ಹಿಡಿಯುವುದಿಲ್ಲವೇ? ಹೀಗೆ ಮಾಡಿದಾಗ ವಿಮೆಯ ಅರ್ಥವೇ ಬದಲಾಗುತ್ತದೆ. ತೊಲೆ ಮುರಿದ ಮೇಲೆ ಬರುವ ಚೆಕ್ಕಿಗಿಂತ ಮುರಿಯುವ ಮೊದಲು ಬರುವ ಕಣ್ಣು ದೊಡ್ಡದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇರುವ ನಾಡಿನಲ್ಲಿ ಇದು ಹೊಸ ವಿಚಾರವೂ ಅಲ್ಲ.

ಯಾರು ಮಾಡಬೇಕು ಎಂದರೆ ಉತ್ತರ ಹುಕ್ಕೇರಿಯಲ್ಲೇ ಇದೆ. 1969ರಿಂದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಆ ತಾಲ್ಲೂಕಿನ ಮನೆಗಳಿಗೆ ವಿದ್ಯುತ್ ಹಂಚುತ್ತಿದೆ. ರಾಜ್ಯದ ಬೇರೆ ಕಡೆ ಸರಕಾರಿ ಕಂಪನಿಗಳು ಮಾಡುವ ಕೆಲಸವನ್ನು ಇಲ್ಲಿ ಸದಸ್ಯರ ಸಂಘ ಮಾಡುತ್ತದೆ. ಸಹಕಾರ ಸಂಘದ ಮೀಟರ್ ಓದುವವನು ತಿಂಗಳಿಗೊಮ್ಮೆ ಮನೆಮನೆಗೆ ಹೋಗಬಲ್ಲನಾದರೆ, ವರ್ಷಕ್ಕೊಮ್ಮೆ ತೊಲೆ ತಟ್ಟುವವನು ಯಾಕೆ ಹೋಗಲಾರ? 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ ಜನರ ನಾಡಿದು. ಕಾನೂನಿನ ತೊಡಕು ಇದೆ: ಸಾಮಾನ್ಯ ವಿಮೆಯ ವ್ಯವಹಾರಕ್ಕೆ 100 ಕೋಟಿ ರೂಪಾಯಿ ಬಂಡವಾಳ ಬೇಕು; ಊರಿನ ಸಂಘವೊಂದು ತಾನೇ ವಿಮೆ ಮಾರುವಂತಿಲ್ಲ. ಆದರೆ ತಪಾಸಣೆ ಮತ್ತು ಚಿಕಿತ್ಸೆಯನ್ನು ಸಂಘ ನಡೆಸಿ, ಅದರ ದಾಖಲೆಯ ಮೇಲೆ ಸರಕಾರಿ ವಿಮಾ ಕಂಪನಿಯೊಂದು ಗುಂಪು ಪಾಲಿಸಿ ಕೊಡಲು ಅಡ್ಡಿಯೇನು? ತಾಲ್ಲೂಕಿಗೊಂದಿಷ್ಟು ಬಡಿಗೇರರಿಗೆ ತರಬೇತಿ ಕೊಟ್ಟರೆ ಅವರಿಗೂ ಬೇಸಿಗೆಯಲ್ಲಿ ಕೆಲಸ ಸಿಗುತ್ತದೆ. ಮರದ ಗೊಂಬೆಗೆ ಹೆಸರಾದ ಗೋಕಾಕದಲ್ಲಿ ಮರ ಬಲ್ಲ ಕೈಗಳಿಗೆ ಕೊರತೆಯಿಲ್ಲ.

‘ಈಗ ಎಲ್ಲರೂ ಕಾಂಕ್ರೀಟ್ ಮನೆ ಕಟ್ಟುತ್ತಿದ್ದಾರೆ, ಇನ್ನೆಷ್ಟು ದಿನ ಈ ಜಂತಿ ಪುರಾಣ’ ಎಂಬ ಮಾತೂ ಬರುತ್ತದೆ. ಕಟ್ಟುತ್ತಿರುವವರು ಕಟ್ಟಲಾಗುವವರು. ಕಬ್ಬಿನ ಬಿಲ್ಲು ಬಾಕಿ ಉಳಿದವನು, ಗಂಡ ತೀರಿಕೊಂಡವಳು, ಮಕ್ಕಳು ಬೆಳಗಾವಿಗೋ ಪುಣೆಗೋ ಹೋದ ಮೇಲೆ ಒಬ್ಬಂಟಿಯಾದ ಮುದುಕರು ಹಳೆಯ ಮನೆಯಲ್ಲೇ ಇದ್ದಾರೆ. ಆ ಮನೆ ಅವರ ಒಂದೇ ಆಸ್ತಿ. ವಿಮೆ ಯಾರಿಗೆ ಹೆಚ್ಚು ಬೇಕೋ ಅವರೇ ಪಟ್ಟಿಯ ಹೊರಗೆ ಇದ್ದಾರೆ. ಕಾಂಕ್ರೀಟ್ ಮನೆಯ ಬಾಗಿಲು, ಕಪಾಟು, ಪುಸ್ತಕಗಳನ್ನೂ ಒರಲೆ ಬಿಡುವುದಿಲ್ಲ ಎಂಬುದು ಹೊಸ ಮನೆಯವರಿಗೆ ಐದನೇ ವರ್ಷಕ್ಕೆ ತಿಳಿಯುತ್ತದೆ.

ಕೊನೆಯ ಮಾತು ನಮಗೆ, ಸಾಹಿತ್ಯ ಓದುವ ಬರೆಯುವ ಮಂದಿಗೆ. ಒರಲೆ ನಮಗೆ ರೂಪಕವಾಗಿ ಮಾತ್ರ ಬೇಕು. ವ್ಯವಸ್ಥೆಗೆ ಒರಲೆ ಹಿಡಿದಿದೆ ಎನ್ನುತ್ತೇವೆ, ಕಾಲವನ್ನು ಒರಲೆ ಎನ್ನುತ್ತೇವೆ, ಹುತ್ತ ಕಂಡರೆ ತಪಸ್ಸು ನೆನಪಾಗುತ್ತದೆ. ತಾಳೆಗರಿಯ ಕಟ್ಟುಗಳನ್ನು ಹುಳ ತಿಂದದ್ದಕ್ಕೆ ಮರುಗುತ್ತೇವೆ, ಅದು ಸರಿಯೇ. ಊರಿನ ಹಳೆಯ ಮನೆಯ ಮೇಲೆ ಲಲಿತ ಪ್ರಬಂಧ ಬರೆದು ಆ ತೊಲೆ, ಆ ಕಂಬ, ಆ ಪಡಸಾಲೆ ಎಂದು ಹಂಬಲಿಸುತ್ತೇವೆ. ಆ ಪಡಸಾಲೆಯಲ್ಲಿ ಇವತ್ತು ರಾತ್ರಿ ಮಲಗುವವರ ತಲೆಯ ಮೇಲಿನ ಮರ ಗಟ್ಟಿಯಿದೆಯೇ ಎಂದು ಕೇಳುವುದು ಮಾತ್ರ ನಮ್ಮ ಬರವಣಿಗೆಯ ಕೆಲಸವೆಂದು ನಮಗೆ ಅನಿಸಿಲ್ಲ. ವಿಮಾ ಪಾಲಿಸಿಯೂ ಒಂದು ಪಠ್ಯವೇ. ಅದರಲ್ಲಿ ಏನಿದೆ, ಏನಿಲ್ಲ, ಇಲ್ಲದ್ದು ಯಾರ ಬದುಕು ಎಂದು ಓದುವ ವಿದ್ಯೆಯನ್ನು ನಾವು ಕಾವ್ಯಕ್ಕಷ್ಟೇ ಮೀಸಲಿಡಬೇಕಾಗಿಲ್ಲ.

ಕೇಳಬೇಕಾದದ್ದು ಮೂರೇ. ಪ್ರಮಾಣಿತ ಮನೆ ವಿಮೆಗೆ, ತಪಾಸಣೆಯ ಷರತ್ತಿನೊಂದಿಗೆ, ಮರ ತಿನ್ನುವ ಕೀಟಗಳ ಹಾನಿಯನ್ನು ಸೇರಿಸಿಕೊಳ್ಳುವ ಅವಕಾಶ. ಘಟಪ್ರಭೆಯ ನೆರೆ ಕಂಡ ಊರುಗಳಲ್ಲಿ ಉಳಿದ ಹಳೆಯ ಮನೆಗಳ ಮರದ ತಪಾಸಣೆ, ಅದರ ವರದಿ ಮನೆಯವರ ಕೈಗೆ ಕನ್ನಡದಲ್ಲಿ. ಮಳೆಗೆ ಕುಸಿದ ಮನೆಯ ಪಂಚನಾಮೆಯಲ್ಲಿ, ಪರಿಹಾರ ಕತ್ತರಿಸಲು ಬಳಸಬಾರದೆಂಬ ಕಟ್ಟಪ್ಪಣೆಯೊಂದಿಗೆ, ತೊಲೆಗೆ ಹುಳ ಹಿಡಿದಿತ್ತೇ ಎಂಬ ಒಂದು ಅಂಕಣ. ಇವು ಯಾವುವೂ ಕ್ರಾಂತಿಯಲ್ಲ. ಅಲ್ಲಿಯವರೆಗೆ, ಮನೆ ವಿಮೆ ಮಾರಲು ಯಾರಾದರೂ ಬಾಗಿಲಿಗೆ ಬಂದರೆ ಕೂರಿಸಿ ಚಹಾ ಕೊಡಿ, ಗೋಕಾಕದ ಕರದಂಟು ಇದ್ದರೆ ಅದನ್ನೂ ಕೊಡಿ. ಆಮೇಲೆ ಆ ಸೀಮೆಯ ಮಾತಿನಲ್ಲೇ ಕೇಳಿ: “ಜಂತಿಗಿ ಒರಲಿ ಹತ್ತಿದ್ರ ಏನ್ ಕೊಡ್ತೀರಿ, ಸಾಹೇಬ್ರ?” ಸಾವಿರ ಮನೆಗಳಲ್ಲಿ ಈ ಪ್ರಶ್ನೆ ಎದುರಾದರೆ, ನೂರಾರು ವರ್ಷಗಳಿಂದ ಹಡಗಿನ ತಳದಲ್ಲಿ ಕೂತಿರುವ ಆ ಹಳೆಯ ವಾದ ಮೇಲೆದ್ದು ಉತ್ತರ ಹೇಳಲೇಬೇಕಾಗುತ್ತದೆ.